ಅಪ್‌ಡೇಟ್ ಆದ ಮೇಲೆ ಮೊಬೈಲ್ ಬ್ಯಾಟರಿ ಬೇಗ ಇಳಿಯುತ್ತಿದೆಯೇ? ಕಾರಣಗಳು ಮತ್ತು ಪರಿಹಾರ



ಪಶುವೈದ್ಯರ ಲೇಖನದಲ್ಲಿ ಮೊಬೈಲ್ ಫೋನಿನ ಮಾತೇಕೆ ಎಂದು ತಮಗೆ ಅನಿಸಬಹುದು. ಕಾರಣವಿದೆ. ನೀರಿನ ಚೀಲ ಒಡೆದು ಎರಡು ಗಂಟೆಯಾದರೂ ಕರು ಹೊರಬರದಿದ್ದಾಗ, ಕರು ಹಾಕಿದ ಮರುದಿನ ಹಾಲು ಜ್ವರದಿಂದ ಹಸು ನೆಲ ಹಿಡಿದಾಗ, ಹೊಟ್ಟೆ ಉಬ್ಬರಿಸಿ ಎಮ್ಮೆ ಒದ್ದಾಡುವಾಗ ನಿಮ್ಮ ಕೈ ಮೊದಲು ಹುಡುಕುವುದು ಫೋನನ್ನು. ಆ ಹೊತ್ತಿನಲ್ಲಿ ಫೋನು ಸತ್ತು ಬಿದ್ದಿದ್ದರೆ ವೈದ್ಯರು ಬರುವುದು ತಡವಾಗುತ್ತದೆ. ಇಂತಹ ಸಂದರ್ಭಗಳಲ್ಲಿ ಒಂದೊಂದು ಗಂಟೆಯೂ ಅಮೂಲ್ಯ. ಹಾಲಿನ ಬಟವಾಡೆ ಬ್ಯಾಂಕಿಗೆ ಜಮೆಯಾದ ಸಂದೇಶ ಬರುವುದೂ, ಹಿಂಡಿ ಚೀಲಕ್ಕೆ ಹಣ ಕಳುಹಿಸುವುದೂ ಈಗ ಇದೇ ಫೋನಿನಲ್ಲಿ. ಆದ್ದರಿಂದ ಹಾಲಿನ ಕ್ಯಾನು, ಹಗ್ಗ, ಗೊಂತುಗಳಂತೆ ಫೋನು ಕೂಡ ಹೈನುಗಾರಿಕೆಯ ಒಂದು ಸಲಕರಣೆ.

"ಸಾರ್, ಫೋನು ಅಪ್‌ಡೇಟ್ ಕೇಳಿತು, ಒತ್ತಿದೆ. ಅಂದಿನಿಂದ ಮಧ್ಯಾಹ್ನಕ್ಕೇ ಚಾರ್ಜ್ ಖಾಲಿ" ಎಂಬ ದೂರು ಅನೇಕ ಸದಸ್ಯರಿಂದ ಕೇಳಿಬರುತ್ತದೆ. ಇದಕ್ಕೆ ಗಾಬರಿಯಾಗಬೇಕಿಲ್ಲ. ಹಸುವಿನ ಕಾಯಿಲೆಗೆ ಅನುಸರಿಸುವ ಕ್ರಮವನ್ನೇ ಇಲ್ಲಿಯೂ ಅನುಸರಿಸಬಹುದು. ಮೊದಲು ಕಾದು ನೋಡುವುದು, ನಂತರ ಪರೀಕ್ಷಿಸುವುದು, ಕೊನೆಗೆ ಚಿಕಿತ್ಸೆ.

ಅಪ್‌ಡೇಟ್ ಎಂದರೇನು?

ಫೋನನ್ನು ನಡೆಸುವ ಮೂಲ ತಂತ್ರಾಂಶವನ್ನು ಕಂಪನಿಯವರು ಆಗಾಗ ತಿದ್ದಿ ಕಳುಹಿಸುತ್ತಾರೆ. ಇದೇ ಅಪ್‌ಡೇಟ್. ಇದರಲ್ಲಿ ಎರಡು ಬಗೆ. ಸಣ್ಣ ಅಪ್‌ಡೇಟ್‌ಗಳು ಕಳ್ಳಗಿಂಡಿಗಳನ್ನು ಮುಚ್ಚುವ ಭದ್ರತಾ ರಿಪೇರಿಗಳು. ದೊಡ್ಡ ಅಪ್‌ಡೇಟ್‌ನಲ್ಲಿ ಇಡೀ ವ್ಯವಸ್ಥೆಯ ಆವೃತ್ತಿಯೇ ಬದಲಾಗುತ್ತದೆ. ಉದಾಹರಣೆಗೆ ಆಂಡ್ರಾಯ್ಡ್ 16 ಹೊರಬಂದದ್ದು 2025ರ ಜೂನ್‌ನಲ್ಲಿ. ಐಫೋನಿನ ಐಓಎಸ್ 26 ಬಂದದ್ದು 2025ರ ಸೆಪ್ಟೆಂಬರ್‌ನಲ್ಲಿ. ಬ್ಯಾಟರಿಯ ತೊಂದರೆ ಹೆಚ್ಚಾಗಿ ಕಾಣಿಸುವುದು ಇಂತಹ ದೊಡ್ಡ ಅಪ್‌ಡೇಟ್‌ಗಳ ನಂತರ.

ಬ್ಯಾಟರಿ ಇಳಿಯಲು ಕಾರಣವೇನು?

ಒಣಹುಲ್ಲು ತಿನ್ನುತ್ತಿದ್ದ ಹಸುವಿಗೆ ಒಮ್ಮೆಲೇ ಹೊಸ ಪಶು ಆಹಾರ ಹಾಕಿದರೆ ಏನಾಗುತ್ತದೆಂದು ತಮಗೆ ಗೊತ್ತಿದೆ. ಮೆಲುಕು ಚೀಲದೊಳಗಿನ ಸೂಕ್ಷ್ಮಜೀವಿಗಳು ಹೊಸ ಮೇವಿಗೆ ಹೊಂದಿಕೊಳ್ಳಲು ಸಮಯ ಬೇಕು. ಅದಕ್ಕೇ 10ರಿಂದ 15 ದಿನಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಮೇವು ಬದಲಿಸಿ ಎಂದು ಹೇಳುವುದು. ಫೋನಿನಲ್ಲಿ ಮಾತ್ರ ಬದಲಾವಣೆ ಒಂದೇ ರಾತ್ರಿಯಲ್ಲಿ ಆಗಿಬಿಡುತ್ತದೆ. ಆಮೇಲೆ ಒಳಗೊಳಗೇ ಬಹಳ ಕೆಲಸ ನಡೆಯುತ್ತದೆ.

ಇರುವ ಪ್ರತಿಯೊಂದು ಆಪನ್ನೂ ಹೊಸ ವ್ಯವಸ್ಥೆಗೆ ತಕ್ಕಂತೆ ಮತ್ತೆ ಸಜ್ಜುಗೊಳಿಸಬೇಕು. ಫೋಟೋ, ವಿಡಿಯೋ, ಸಂದೇಶಗಳ ಪಟ್ಟಿಯನ್ನು ಹೊಸದಾಗಿ ತಯಾರಿಸಬೇಕು. ಹಳೆಯ ಆಪ್‌ಗಳ ಹೊಸ ಆವೃತ್ತಿಗಳು ಸಾಲಾಗಿ ಇಳಿಯತೊಡಗುತ್ತವೆ. ಪರದೆ ಆರಿದ್ದರೂ ಈ ಕೆಲಸ ನಿಲ್ಲುವುದಿಲ್ಲ. ಆದ್ದರಿಂದ ಫೋನು ಬೆಚ್ಚಗಾಗುತ್ತದೆ, ಚಾರ್ಜ್ ಇಳಿಯುತ್ತದೆ.

ಇದರ ಜೊತೆಗೆ, 2018ರಲ್ಲಿ ಬಂದ ಆಂಡ್ರಾಯ್ಡ್ 9ರಿಂದ ಈಚೆಗೆ ಫೋನುಗಳಲ್ಲಿ "ಅಡಾಪ್ಟಿವ್ ಬ್ಯಾಟರಿ" ಎಂಬ ಸೌಲಭ್ಯವಿದೆ. ನೀವು ಯಾವ ಆಪನ್ನು ಹೆಚ್ಚು ಬಳಸುತ್ತೀರಿ, ಯಾವುದನ್ನು ತೆರೆಯುವುದೇ ಇಲ್ಲ ಎಂಬುದನ್ನು ಅದು ದಿನಗಳೆದಂತೆ ಕಲಿತು, ಬಳಸದ ಆಪ್‌ಗಳಿಗೆ ಕಡಿವಾಣ ಹಾಕುತ್ತದೆ. ಹೊಸ ವ್ಯವಸ್ಥೆ ಬಂದಾಗ ಇದಕ್ಕೂ ಹೊಂದಿಕೊಳ್ಳಲು ಕೆಲವು ದಿನಗಳು ಬೇಕಾಗಬಹುದು.

ಎಷ್ಟು ದಿನ ಕಾಯಬೇಕು?

ಸಾಮಾನ್ಯವಾಗಿ ಎರಡು ಮೂರು ದಿನಗಳಲ್ಲಿ ಸರಿಹೋಗುತ್ತದೆ. ಫೋಟೋಗಳು ಬಹಳವಿದ್ದರೆ ಒಂದು ವಾರ ಹಿಡಿಯಬಹುದು. ದೊಡ್ಡ ಅಪ್‌ಡೇಟ್ ನಂತರ ಬ್ಯಾಟರಿ ಮತ್ತು ಬಿಸಿಯ ಮೇಲೆ ತಾತ್ಕಾಲಿಕ ಪರಿಣಾಮ ಸಹಜವೆಂದು ಆಪಲ್ ಕಂಪನಿಯೂ ತನ್ನ ಗ್ರಾಹಕರಿಗೆ ತಿಳಿಸಿದೆ. ಈ ಅವಧಿಯಲ್ಲಿ ರಾತ್ರಿ ಮಲಗುವಾಗ ಫೋನನ್ನು ಚಾರ್ಜಿಗೆ ಹಾಕಿ, ವೈಫೈ ಇದ್ದರೆ ಅದಕ್ಕೆ ಜೋಡಿಸಿ ಬಿಡಿ. ಒಳಗಿನ ಕೆಲಸ ಬೇಗ ಮುಗಿಯುತ್ತದೆ. ದಿನಕ್ಕೊಮ್ಮೆ ಫೋನನ್ನು ಆರಿಸಿ ಮತ್ತೆ ಹೊತ್ತಿಸುವುದೂ ಒಳ್ಳೆಯದು. ವಾರ ಕಳೆದರೂ ಸರಿಹೋಗದಿದ್ದರೆ ಮಾತ್ರ ಮುಂದಿನ ಹಂತಕ್ಕೆ ಹೋಗಬೇಕು.

ಪರೀಕ್ಷೆ ಮೊದಲು, ಚಿಕಿತ್ಸೆ ನಂತರ

ಜ್ವರ ಅಳೆಯದೆ ಇಂಜೆಕ್ಷನ್ ಕೊಡುವುದು ಸರಿಯಲ್ಲ. ಫೋನಿಗೂ ಎರಡು ಸುಲಭ ಪರೀಕ್ಷೆಗಳಿವೆ.

ರಾತ್ರಿ ಪರೀಕ್ಷೆ: ರಾತ್ರಿ 10 ಗಂಟೆಗೆ ಬ್ಯಾಟರಿ ಶೇಕಡಾ ಎಷ್ಟಿದೆ ಎಂದು ಬರೆದಿಡಿ. ಚಾರ್ಜಿಗೆ ಹಾಕದೆ, ಬಳಸದೆ ಬಿಡಿ. ಬೆಳಗಿನ ಜಾವ 5 ಗಂಟೆಗೆ ಹಾಲು ಕರೆಯಲು ಎದ್ದಾಗ ಮತ್ತೆ ನೋಡಿ. ಆ 7 ಗಂಟೆಗಳಲ್ಲಿ ಶೇಕಡಾ ಐದಾರರಷ್ಟು ಇಳಿದಿದ್ದರೆ ಚಿಂತೆಯಿಲ್ಲ. ಶೇಕಡಾ 20, 30 ಇಳಿದಿದ್ದರೆ ನೀವು ಮಲಗಿದ್ದಾಗ ಯಾವುದೋ ಆಪ್ ಎಚ್ಚರವಾಗಿದೆ ಎಂದರ್ಥ. ರಾತ್ರಿ ಇಳಿಯದೆ ಹಗಲು ಮಾತ್ರ ಇಳಿಯುತ್ತಿದ್ದರೆ ಬಳಕೆ ಹೆಚ್ಚಾಗಿದೆ, ಪರದೆಯ ಬೆಳಕು ಹೆಚ್ಚಾಗಿದೆ ಅಥವಾ ಸಿಗ್ನಲ್ ದುರ್ಬಲವಾಗಿದೆ.

ಬಳಕೆಯ ಪಟ್ಟಿ: "ಸೆಟ್ಟಿಂಗ್‌ಗಳು" ತೆರೆದು "ಬ್ಯಾಟರಿ", ನಂತರ "ಬ್ಯಾಟರಿ ಬಳಕೆ" ಒತ್ತಿರಿ. ಕಂಪನಿಯಿಂದ ಕಂಪನಿಗೆ ಹೆಸರು ಸ್ವಲ್ಪ ಬೇರೆಯಿರಬಹುದು. ಯಾವ ಆಪ್ ಎಷ್ಟು ಶೇಕಡಾ ನುಂಗಿದೆ ಎಂಬ ಪಟ್ಟಿ ಬರುತ್ತದೆ. ನೀವು ಹೆಚ್ಚು ಹೊತ್ತು ನೋಡಿದ ಆಪ್ ಮೇಲಿದ್ದರೆ ಅದು ಸಹಜ. ನೀವು ತೆರೆಯದೇ ಇದ್ದ ಆಪ್ ಮೇಲಿದ್ದರೆ ಅದೇ ಉಣ್ಣೆ. ಹೊರಗೆ ಕಾಣದೆ ಮೈಗಂಟಿ ರಕ್ತ ಹೀರುವುದೇ ಅದರ ಕೆಲಸ.

ಪರಿಹಾರ ಕ್ರಮಗಳು

ಈ ಕೆಳಗಿನವುಗಳನ್ನು ಒಂದೊಂದಾಗಿ ಮಾಡಿ. ಒಂದು ಕ್ರಮದ ನಂತರ ಒಂದು ದಿನ ಕಾದು ಫಲ ನೋಡಿ. ಎಲ್ಲವನ್ನೂ ಒಟ್ಟಿಗೆ ಮಾಡಿದರೆ ಯಾವ ಔಷಧಿಯಿಂದ ಗುಣವಾಯಿತು ಎಂದು ತಿಳಿಯುವುದಿಲ್ಲ.

1. ಪ್ಲೇಸ್ಟೋರ್ ತೆರೆದು ಎಲ್ಲ ಆಪ್‌ಗಳನ್ನೂ ಹೊಸ ಆವೃತ್ತಿಗೆ ತನ್ನಿ. ಹೊಸ ವ್ಯವಸ್ಥೆಯ ಮೇಲೆ ಹಳೆಯ ಆಪ್ ಏಗುತ್ತಿರುವುದು ಸಾಮಾನ್ಯವಾದ ಕಾರಣ.

2. ಪಟ್ಟಿಯಲ್ಲಿ ಸಿಕ್ಕಿಬಿದ್ದ ಆಪ್ ನಿಮಗೆ ಬೇಡವಾದದ್ದಾದರೆ ತೆಗೆದುಹಾಕಿ. ಬೇಕಾದದ್ದಾದರೆ ಅದರ ಹೆಸರನ್ನು ಒತ್ತಿ, ಹಿನ್ನೆಲೆ ಬಳಕೆಯನ್ನು "ನಿರ್ಬಂಧಿತ" ಮಾಡಿ. ಆದರೆ ಕರೆ, ಸಂದೇಶ ಮತ್ತು ವಾಟ್ಸ್‌ಆಪ್‌ಗಳನ್ನು ನಿರ್ಬಂಧಿಸಬೇಡಿ. ಮಾಡಿದರೆ ಸಂದೇಶಗಳು ಹೊತ್ತಿಗೆ ಸರಿಯಾಗಿ ಬರುವುದಿಲ್ಲ.

3. ಪರದೆಯ ಬೆಳಕನ್ನು ತಗ್ಗಿಸಿ ಅಥವಾ ತಾನೇ ಹೊಂದಿಕೊಳ್ಳುವಂತೆ ಇಡಿ. ಪರದೆ 30 ಸೆಕೆಂಡಿಗೆ ಆರುವಂತೆ ಮಾಡಿ. ಅಪ್‌ಡೇಟ್‌ನಲ್ಲಿ ಕೆಲವೊಮ್ಮೆ ಈ ವ್ಯವಸ್ಥೆಗಳು ಬದಲಾಗಿರುವುದುಂಟು.

4. ನೆಟ್‌ವರ್ಕ್ ಪರಿಶೀಲಿಸಿ. ನಮ್ಮ ಹಳ್ಳಿಗಳಿಗೆ ಇದು ಮುಖ್ಯವಾದ ಅಂಶ. ಭಾರತದಲ್ಲಿ 5ಜಿ ಸೇವೆ ಆರಂಭವಾದದ್ದು 2022ರ ಅಕ್ಟೋಬರ್‌ನಲ್ಲಿ. ಎಲ್ಲ ಊರುಗಳಲ್ಲೂ ಅದರ ಸಿಗ್ನಲ್ ಒಂದೇ ಸಮನಾಗಿಲ್ಲ. ಸಿಗ್ನಲ್ ಬಂದು ಹೋಗುತ್ತಿದ್ದರೆ ಫೋನು ಮತ್ತೆ ಮತ್ತೆ ಟವರ್ ಹುಡುಕುತ್ತದೆ. ಟವರ್ ದೂರವಿದ್ದಷ್ಟೂ ಹೆಚ್ಚು ಶಕ್ತಿ ಹಾಕಿ ಕೂಗಬೇಕಾಗುತ್ತದೆ. ಅಂತಹ ಕಡೆ "ಮೊಬೈಲ್ ನೆಟ್‌ವರ್ಕ್" ವಿಭಾಗದಲ್ಲಿ 5ಜಿ ಬದಲು 4ಜಿ ಆರಿಸಿಕೊಳ್ಳಿ. 2ಜಿ ಮಾತ್ರ ಎಂದು ಇಡಬೇಡಿ. 2ಜಿ ಸೇವೆಯೇ ಇಲ್ಲದ ಕಂಪನಿಯ ಸಿಮ್ ಆಗಿದ್ದರೆ ಕರೆಗಳೇ ನಿಂತುಹೋಗುತ್ತವೆ.

5. ಸ್ಥಳ ತೋರಿಸುವ "ಲೊಕೇಶನ್" ಅನುಮತಿಯನ್ನು ಆಪ್ ಬಳಸುವಾಗ ಮಾತ್ರ ಎಂದು ಇಡಿ. ಬಳಸದಿರುವಾಗ ಹಾಟ್‌ಸ್ಪಾಟ್, ಬ್ಲೂಟೂತ್ ಆರಿಸಿ.

6. "ಸಾಫ್ಟ್‌ವೇರ್ ಅಪ್‌ಡೇಟ್" ವಿಭಾಗವನ್ನು ವಾರಕ್ಕೊಮ್ಮೆ ನೋಡಿ. ದೊಡ್ಡ ಅಪ್‌ಡೇಟ್‌ನಲ್ಲಿ ಉಳಿದ ದೋಷಗಳನ್ನು ತಿದ್ದುವ ಸಣ್ಣ ಅಪ್‌ಡೇಟ್‌ಗಳು ಅದರ ಹಿಂದೆಯೇ ಬರುವುದು ವಾಡಿಕೆ.

7. ಇಷ್ಟಕ್ಕೂ ಬಗ್ಗದಿದ್ದರೆ ಮಾತ್ರ ಫೋನನ್ನು ಪೂರ್ತಿ ಅಳಿಸಿ ಹೊಸದಾಗಿ ಹೊಂದಿಸುವ "ಫ್ಯಾಕ್ಟರಿ ರೀಸೆಟ್". ಇದು ಶಸ್ತ್ರಚಿಕಿತ್ಸೆ ಇದ್ದಂತೆ. ಫೋನ್ ನಂಬರುಗಳು, ರಾಸುಗಳ ಫೋಟೋಗಳು, ವಿಮೆ ಹಾಗೂ ಕಿವಿಯೋಲೆ ದಾಖಲೆಗಳನ್ನು ಬೇರೆಡೆ ಉಳಿಸಿಕೊಳ್ಳದೆ ಮಾಡಬೇಡಿ. ಬ್ಯಾಂಕ್ ಆಪ್‌ಗಳನ್ನು ಮತ್ತೆ ಹೊಂದಿಸಬೇಕಾಗುತ್ತದೆ ಎಂಬುದೂ ನೆನಪಿರಲಿ.

ಮಾಡಬಾರದ ಕೆಲಸಗಳು

"ಬ್ಯಾಟರಿ ಡಾಕ್ಟರ್", "ಬ್ಯಾಟರಿ ಸೇವರ್" ಎಂಬ ಹೆಸರಿನ ಆಪ್‌ಗಳನ್ನು ಹಾಕಿಕೊಳ್ಳಬೇಡಿ. ಫೋನಿನಲ್ಲಿಯೇ ಇರುವ ವ್ಯವಸ್ಥೆ ಸಾಕು. ಇವುಗಳಲ್ಲಿ ಅನೇಕವು ಜಾಹೀರಾತು ತೋರಿಸುತ್ತಾ ತಾವೇ ಬ್ಯಾಟರಿ ತಿನ್ನುತ್ತವೆ. ಬೆರಳಿನಿಂದ ಎಲ್ಲ ಆಪ್‌ಗಳನ್ನೂ ಪದೇ ಪದೇ ತಳ್ಳಿಹಾಕುವ ಅಭ್ಯಾಸವೂ ಬೇಡ. ಪ್ರತಿ ಸಲ ಮೊದಲಿನಿಂದ ತೆರೆಯುವಾಗ ಹೆಚ್ಚು ಶಕ್ತಿ ವ್ಯಯವಾಗುತ್ತದೆ.

ವಾಟ್ಸ್‌ಆಪ್‌ನಲ್ಲಿ ಬರುವ ಅಪ್‌ಡೇಟ್ ಕೊಂಡಿಗಳನ್ನು ಒತ್ತಲೇಬೇಡಿ. ಸರ್ಕಾರಿ ಯೋಜನೆಗಳ ಹೆಸರು ಹೇಳಿ, ಪಿಎಂ ಕಿಸಾನ್ ಹೆಸರಿನಲ್ಲಿಯೂ ಎಪಿಕೆ ಎಂಬ ಕಡತ ಕಳುಹಿಸಿ ರೈತರ ಖಾತೆಯಿಂದ ಹಣ ದೋಚಿರುವ ಪ್ರಕರಣಗಳು ನಡೆದಿವೆ. ನಿಜವಾದ ಅಪ್‌ಡೇಟ್ ಬರುವುದು ಫೋನಿನ ಸೆಟ್ಟಿಂಗ್ಸ್ ಮತ್ತು ಪ್ಲೇಸ್ಟೋರ್ ಮೂಲಕ ಮಾತ್ರ. ಗುರುತಿಲ್ಲದ ಆಪ್ ಹಿನ್ನೆಲೆಯಲ್ಲಿ ಬ್ಯಾಟರಿ ತಿನ್ನುತ್ತಿದ್ದರೆ ಇಂತಹ ಕಳ್ಳ ಆಪ್ ಇರಬಹುದು. ಕೂಡಲೇ ತೆಗೆಯಿರಿ, ಬ್ಯಾಂಕಿಗೆ ತಿಳಿಸಿ. ಹಣ ಹೋಗಿದ್ದರೆ 1930 ಸಂಖ್ಯೆಗೆ ಕರೆ ಮಾಡಿ.

ಈ ತೊಂದರೆಗೆ ಹೆದರಿ ಅಪ್‌ಡೇಟ್ ಮಾಡುವುದನ್ನೇ ಬಿಡುವುದೂ ಸರಿಯಲ್ಲ. ಲಸಿಕೆ ಹಾಕಿದ ದಿನ ಹಾಲು ಸ್ವಲ್ಪ ಇಳಿಯಿತೆಂದು ಕಾಲುಬಾಯಿ ರೋಗದ ಲಸಿಕೆಯನ್ನೇ ನಿಲ್ಲಿಸುತ್ತೇವೆಯೇ? ಭದ್ರತಾ ಅಪ್‌ಡೇಟ್ ಕೂಡ ಲಸಿಕೆಯೇ.

ಬ್ಯಾಟರಿಗೇ ವಯಸ್ಸಾಗಿದ್ದರೆ

ಲಿಥಿಯಂ ಅಯಾನ್ ಬ್ಯಾಟರಿಗೂ ಸೂಲುಗಳ ಲೆಕ್ಕವಿದೆ. ಇಂದು ಅರ್ಧ, ನಾಳೆ ಅರ್ಧ ಬಳಸಿದರೆ ಒಂದು ಆವರ್ತನ. ನೂರಾರು ಆವರ್ತನಗಳ ನಂತರ ಅದು ಹಿಡಿಯುವ ಶಕ್ತಿ ತಗ್ಗುತ್ತದೆ. 800 ಆವರ್ತನಗಳ ನಂತರವೂ ಶೇಕಡಾ 80ರಷ್ಟು ಸಾಮರ್ಥ್ಯ ಉಳಿದಿರಬೇಕೆಂದು ಯುರೋಪಿನ ಒಕ್ಕೂಟವು 2025ರ ಜೂನ್‌ನಿಂದ ನಿಯಮ ಮಾಡಿದೆ. ಮೂರು ನಾಲ್ಕು ವರ್ಷದ ಫೋನಿನಲ್ಲಿ ಅಪ್‌ಡೇಟ್ ಬರೀ ನೆಪವಾಗಿರಬಹುದು. ಇದ್ದ ದೌರ್ಬಲ್ಯ ಹೊಸ ಕೆಲಸದ ಭಾರದಿಂದ ಹೊರಬಿದ್ದಿರಬಹುದು. ಸೆಟ್ಟಿಂಗ್ಸ್‌ನಲ್ಲಿ "ಬ್ಯಾಟರಿ ಆರೋಗ್ಯ" ಎಂಬ ಸಾಲಿದ್ದು, ಅದು ಶೇಕಡಾ 80ಕ್ಕಿಂತ ಕಡಿಮೆ ತೋರಿಸಿದರೆ ಕಂಪನಿಯ ಅಧಿಕೃತ ಸೇವಾ ಕೇಂದ್ರದಲ್ಲಿ ಬ್ಯಾಟರಿ ಬದಲಿಸುವುದೇ ಪರಿಹಾರ.

ಅಪರೂಪಕ್ಕೆ ಕಂಪನಿಯೇ ಬೇಕೆಂದು ಸಾಮರ್ಥ್ಯ ತಗ್ಗಿಸುವುದುಂಟು. ಗೂಗಲ್ ಕಂಪನಿಯು ಪಿಕ್ಸೆಲ್ 6ಎ ಮಾದರಿಯ ಕೆಲವು ಫೋನುಗಳು ಅತಿಯಾಗಿ ಬಿಸಿಯಾಗುವ ಅಪಾಯ ತಪ್ಪಿಸಲು 2025ರ ಜುಲೈನಲ್ಲಿ ಅಪ್‌ಡೇಟ್ ಕಳುಹಿಸಿ, 400 ಆವರ್ತನ ದಾಟಿದ ಬ್ಯಾಟರಿಗಳ ಸಾಮರ್ಥ್ಯವನ್ನು ಕಡಿಮೆ ಮಾಡಿತು. ಅಂತಹ ಫೋನುಗಳಿಗೆ ಉಚಿತವಾಗಿ ಬ್ಯಾಟರಿ ಬದಲಿಸಿಕೊಡುವ ಏರ್ಪಾಡನ್ನೂ ಪ್ರಕಟಿಸಿತು. ಆದ್ದರಿಂದ ಹಣ ಕೊಡುವ ಮುನ್ನ ನಿಮ್ಮ ಮಾದರಿಗೆ ಇಂತಹ ಸೌಲಭ್ಯವಿದೆಯೇ ಎಂದು ಸೇವಾ ಕೇಂದ್ರದಲ್ಲಿ ಕೇಳಿ.

ಫೋನಿನ ಬೆನ್ನು ಉಬ್ಬಿದ್ದರೆ ಒಂದು ದಿನವೂ ಬಳಸಬೇಡಿ, ಚಾರ್ಜಿಗೆ ಹಾಕಬೇಡಿ. ಹಸುವಿನ ಹೊಟ್ಟೆ ಉಬ್ಬರಕ್ಕೆ ವೈದ್ಯರು ಟ್ರೋಕಾರ್ ಚುಚ್ಚಿ ಗಾಳಿ ಬಿಡುತ್ತಾರೆ. ಬ್ಯಾಟರಿಯ ಉಬ್ಬರಕ್ಕೆ ಚುಚ್ಚಿದರೆ ಬೆಂಕಿ ಹತ್ತಿಕೊಳ್ಳುತ್ತದೆ.

ಬಿಸಿಲು ಬ್ಯಾಟರಿಯ ಶತ್ರು. 35 ಡಿಗ್ರಿಗಿಂತ ಹೆಚ್ಚಿನ ಶಾಖದಲ್ಲಿ ಅದರ ಆಯುಷ್ಯ ಕಡಿಮೆಯಾಗುತ್ತದೆ. ಗದ್ದೆ ಬದುವಿನ ಮೇಲೆ, ಬೈಕಿನ ಟ್ಯಾಂಕಿನ ಮೇಲೆ, ಕೊಟ್ಟಿಗೆಯ ತಗಡಿನ ಕೆಳಗೆ ಫೋನಿಡಬೇಡಿ. ದಿಂಬಿನಡಿ ಇಟ್ಟು ಚಾರ್ಜ್ ಮಾಡಬೇಡಿ.

ಮುಂದಿನ ಅಪ್‌ಡೇಟ್‌ಗೆ ಮುನ್ನ

ಕ್ಯಾಲೆಂಡರ್ ನೋಡಿ. ಗಬ್ಬದ ಹಸುವಿಗೆ ದಿನ ತುಂಬಿದ್ದರೆ, ಕರು ಹಾಕಿ ಮೂರು ದಿನ ಕಳೆದಿಲ್ಲದಿದ್ದರೆ ದೊಡ್ಡ ಅಪ್‌ಡೇಟನ್ನು ಮುಂದಕ್ಕೆ ಹಾಕಿ. ಹಾಲು ಜ್ವರ ಹೆಚ್ಚಾಗಿ ಬರುವುದು ಆ ಮೂರು ದಿನಗಳಲ್ಲೇ. ವಾರ ತಡವಾದರೆ ಫೋನಿಗೆ ನಷ್ಟವಿಲ್ಲ. ಕರೆಂಟ್ ಖಚಿತವಾಗಿರುವ ರಾತ್ರಿ, ಚಾರ್ಜಿಗೆ ಹಾಕಿ ಅಪ್‌ಡೇಟ್ ಮಾಡಿ.

ನೆನಪಿನಲ್ಲಿಡಿ

* ದೊಡ್ಡ ಅಪ್‌ಡೇಟ್ ನಂತರ ಒಂದು ವಾರ ಕಾಯಿರಿ.
* ರಾತ್ರಿ ಪರೀಕ್ಷೆ ಮಾಡಿ, ಬಳಕೆಯ ಪಟ್ಟಿ ನೋಡಿ.
* ಒಂದು ಸಲಕ್ಕೆ ಒಂದೇ ಕ್ರಮ ಅನುಸರಿಸಿ.
* ಬ್ಯಾಟರಿ ಶೇಕಡಾ 20ಕ್ಕೆ ಇಳಿದ ಕೂಡಲೇ "ಬ್ಯಾಟರಿ ಸೇವರ್" ವ್ಯವಸ್ಥೆಯನ್ನು ಸೆಟ್ಟಿಂಗ್ಸ್‌ನಲ್ಲಿಯೇ ಆನ್ ಮಾಡಿ. ಕರೆಗಳು ಬರುತ್ತಲೇ ಇರುತ್ತವೆ.
* ಮನೆಯಲ್ಲಿ ಹಳೆಯ ಬಟನ್ ಫೋನಿದ್ದರೆ ಎಸೆಯಬೇಡಿ. ಸಿಮ್ ಹಾಕಿ ಚಾರ್ಜ್ ಮಾಡಿಡಿ.
* ನಿಮ್ಮ ಪಶುವೈದ್ಯರ ನಂಬರ್, ಸಂಘದ ಕಾರ್ಯದರ್ಶಿಯ ನಂಬರ್ ಮತ್ತು ಸಂಚಾರಿ ಪಶು ಚಿಕಿತ್ಸಾ ಘಟಕದ ಸಹಾಯವಾಣಿ 1962, ಈ ಮೂರನ್ನೂ ಕೊಟ್ಟಿಗೆಯ ಗೋಡೆಯ ಮೇಲೆ ಬಣ್ಣದಲ್ಲಿ ದೊಡ್ಡದಾಗಿ ಬರೆಸಿ. ನಿಮ್ಮ ಫೋನು ಕೈಕೊಟ್ಟರೂ ನೆರೆಮನೆಯವರ ಫೋನಿನಿಂದ ಕರೆ ಮಾಡಬಹುದು.