ಎಸ್.ಕ್ಯೂ.ಎಲ್. ಪ್ರಕ್ಷೇಪವೂ ಅದರ ಪರಿಹಾರವೂ

ಓಲೆಯ ಪ್ರತಿಗಳನ್ನು ಪರಿಶೋಧಿಸುವವರಿಗೆ ಪ್ರಕ್ಷೇಪವೆಂಬ ದೋಷವು ಚಿರಪರಿಚಿತವಾದುದು. ಅಂಚಿನಲ್ಲಿ ಯಾರೋ ಬರೆದಿಟ್ಟ ಟಿಪ್ಪಣಿಯು ಮುಂದಿನ ಲಿಪಿಕಾರನ ಕೈಯಲ್ಲಿ ಮೂಲದೊಳಕ್ಕೆ ಸೇರಿ, ಕವಿಯ ಮಾತೇ ಎಂಬಂತೆ ಓದಿಸಿಕೊಳ್ಳುವುದುಂಟು. ಗಣಕಯಂತ್ರದ ಜಾಲತಾಣಗಳಲ್ಲಿ ಎಸ್.ಕ್ಯೂ.ಎಲ್. ಇಂಜೆಕ್ಷನ್ ಎಂದು ಕರೆಯಲ್ಪಡುವ ದೋಷವೂ ಇದೇ ಜಾತಿಯದು. ಭೇದವಿಷ್ಟೇ: ಅಲ್ಲಿ ಕೆಡುವುದು ಪಾಠ, ಇಲ್ಲಿ ಕೆಡುವುದು ಪರರ ಸೊತ್ತು.

ವಿಷಯಗಳನ್ನು ಪಟ್ಟಿಗಳಾಗಿ ಜೋಡಿಸಿಡುವ ಕ್ರಮವನ್ನು 1970ರಲ್ಲಿ ಎಡ್ಗರ್ ಕಾಡ್ ಎಂಬ ವಿದ್ವಾಂಸನು ನಿರೂಪಿಸಿದನು. ಅಂತಹ ಪಟ್ಟಿಗಳ ಕೋಶವನ್ನು ಪ್ರಶ್ನಿಸುವುದಕ್ಕಾಗಿ ಐ.ಬಿ.ಎಂ. ಸಂಸ್ಥೆಯ ಡೊನಾಲ್ಡ್ ಚೇಂಬರ್ಲಿನ್, ರೇಮಂಡ್ ಬಾಯ್ಸ್ ಎಂಬವರು 1974ರಲ್ಲಿ ಪ್ರಕಟಿಸಿದ ಭಾಷೆಯೇ ಎಸ್.ಕ್ಯೂ.ಎಲ್.ನ ಮೂಲರೂಪ. ಅದರ ಮುಖ್ಯ ವಾಕ್ಯಗಳು ವಿಧಿರೂಪದವು: ಕೊಡು, ಸೇರಿಸು, ತಿದ್ದು, ಅಳಿಸು. ತಾಣಕ್ಕೆ ಬಂದವನು ತನ್ನ ಹೆಸರನ್ನು ಬರೆದರೆ, ತಾಣವನ್ನು ನಡೆಸುವ ಪ್ರೋಗ್ರಾಮು ಆ ಹೆಸರನ್ನು ಇಂತಹದೊಂದು ವಾಕ್ಯದ ನಡುವೆ ಹೊಲಿದು ಕೋಶಕ್ಕೆ ಕಳುಹಿಸುತ್ತದೆ. ದೋಷದ ಬೀಜವಿರುವುದು ಈ ಹೊಲಿಗೆಯಲ್ಲಿ.

ಶಬ್ದಕ್ಕೆ ಎರಡು ವಿನಿಯೋಗಗಳುಂಟು. ಅರ್ಥವನ್ನು ಬೋಧಿಸುವುದು ಒಂದು. ತನ್ನ ರೂಪವನ್ನೇ ತೋರಿಸಿ ನಿಲ್ಲುವುದು ಇನ್ನೊಂದು. ಪಾಣಿನಿಯು ಅಷ್ಟಾಧ್ಯಾಯಿಯ ಮೊದಲ ಪಾದದಲ್ಲಿಯೇ ಇದಕ್ಕಾಗಿ ಒಂದು ಸೂತ್ರವನ್ನು ಇಟ್ಟಿದ್ದಾನೆ. ಅದರಂತೆ, ಅಗ್ನಿಗೆ ಪ್ರತ್ಯಯವನ್ನು ವಿಧಿಸಿದರೆ ಅದು ಅಗ್ನಿಯೆಂಬ ಶಬ್ದಕ್ಕೆ ಹತ್ತತಕ್ಕದ್ದೇ ಹೊರತು ಉರಿಯುವ ಕೆಂಡಕ್ಕಲ್ಲ. ಸಂಸ್ಕೃತದಲ್ಲಿ ‘ಇತಿ’, ಕನ್ನಡದಲ್ಲಿ ‘ಎಂದು’ ಮಾಡುವ ಕೆಲಸವನ್ನು ಎಸ್.ಕ್ಯೂ.ಎಲ್.ನಲ್ಲಿ ಒಂಟಿ ಉದ್ಧರಣಚಿಹ್ನೆಯು ಮಾಡುತ್ತದೆ. ಎರಡು ಚಿಹ್ನೆಗಳ ನಡುವಣದು ಬರಿಯ ಶಬ್ದ; ಹೊರಗಣದು ಆಜ್ಞೆ.

ಈ ಭಾಷೆಯ ವಾಕ್ಯವೊಂದನ್ನು ಕನ್ನಡದಲ್ಲಿ ಹೀಗೆ ಬರೆಯಬಹುದು:

ಹೆಸರು = 'ರಾಮ' ಆಗಿರುವ ಸಾಲುಗಳನ್ನು ಕೊಡು.

ಬಂದವನು ರಾಮ ಎಂದು ಬರೆಯುವುದರ ಬದಲು ರಾಮ' ಅಥವಾ '1' = '1 ಎಂದು ಬರೆದನೆಂದು ಭಾವಿಸಬೇಕು. ಆಗ ವಾಕ್ಯವು ಹೀಗಾಗುತ್ತದೆ:

ಹೆಸರು = 'ರಾಮ' ಅಥವಾ '1' = '1' ಆಗಿರುವ ಸಾಲುಗಳನ್ನು ಕೊಡು.

ಒಂದು ಒಂದಕ್ಕೆ ಸಮವಾಗಿರುವುದು ಸರ್ವದಾ ಸತ್ಯವಾದುದರಿಂದ ಕೋಶವು ಎಲ್ಲರ ಸಾಲುಗಳನ್ನೂ ಒಪ್ಪಿಸಿಬಿಡುತ್ತದೆ. ಯಂತ್ರವು ತಪ್ಪಿ ನಡೆದುದಿಲ್ಲ. ವ್ಯಾಕರಣಶುದ್ಧವಾದ ಆಜ್ಞೆಯನ್ನು ಪಾಲಿಸಿತು. ಅನ್ಯನ ಮಾತು ಯಜಮಾನನ ಮಾತಾಯಿತೆಂಬುದಷ್ಟೇ ದೋಷ.

1998ರ ಡಿಸೆಂಬರಿನಲ್ಲಿಯೇ ಫ್ರಾಕ್ ಎಂಬ ಪತ್ರಿಕೆಯಲ್ಲಿ ಈ ಉಪಾಯವು ವರ್ಣಿತವಾಗಿತ್ತು. ಹಾಗಿದ್ದೂ 2015ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಟಾಕ್‌ಟಾಕ್ ಎಂಬ ದೂರವಾಣಿ ಸಂಸ್ಥೆಯಿಂದ 1,56,959 ಗ್ರಾಹಕರ ವಿವರಗಳು ಇದೇ ದಾರಿಯಲ್ಲಿ ಹೊರಬಿದ್ದವು. ಅವರಲ್ಲಿ 15,656 ಮಂದಿಯ ಬ್ಯಾಂಕಿನ ಲೆಕ್ಕದ ಸಂಖ್ಯೆಗಳೂ ಸೇರಿದ್ದವು. 2009ರಲ್ಲಿ ಬೇರೊಂದು ಸಂಸ್ಥೆಯ ವ್ಯವಹಾರವನ್ನು ಕೊಂಡಾಗ ಬಂದ ಹಳೆಯ ಪುಟಗಳು ಯಾರ ಗಮನಕ್ಕೂ ಬಾರದೆ ಉಳಿದಿದ್ದವು. 2015ರ ಜುಲೈಯಲ್ಲಿಯೂ ಸೆಪ್ಟೆಂಬರಿನಲ್ಲಿಯೂ ಇದೇ ಬಗೆಯ ಆಕ್ರಮಣ ನಡೆದಿತ್ತು. 2016ರಲ್ಲಿ ಆ ದೇಶದ ಅಧಿಕಾರಿಗಳು ಸಂಸ್ಥೆಗೆ 4,00,000 ಪೌಂಡುಗಳ ದಂಡವನ್ನು ವಿಧಿಸಿದರು.

ಪರಿಹಾರವೇನು? ಉದ್ಧರಣಚಿಹ್ನೆಯನ್ನೇ ನಿಷೇಧಿಸಿದರೆ ಸಾಲದೇ ಎಂದು ಕೆಲವರು ಆಕ್ಷೇಪಿಸಬಹುದು. ಸಾಲದು. ಸಂಖ್ಯೆಗಳನ್ನು ಚಿಹ್ನೆಯಿಲ್ಲದೆಯೇ ಬರೆಯುವ ವಾಕ್ಯಗಳಲ್ಲಿ ಆ ನಿಷೇಧವು ವ್ಯರ್ಥ. ಅಲ್ಲದೆ, ಮಂಗಳೂರಿನ ಕಡೆಯ ಡಿ'ಸೋಜರು ತಮ್ಮ ಹೆಸರನ್ನು ಇಂಗ್ಲಿಷ್ ಲಿಪಿಯಲ್ಲಿ ಈ ಚಿಹ್ನೆಯೊಡನೆಯೇ ಬರೆಯುತ್ತಾರೆ. ಕಳ್ಳನಿಗೆ ಹೆದರಿ ಗೃಹಸ್ಥನ ಹೆಸರನ್ನು ಕತ್ತರಿಸುವುದು ನ್ಯಾಯವಲ್ಲ. ಚಿಹ್ನೆಯನ್ನು ಇಮ್ಮಡಿಸಿ ಅದರ ಶಕ್ತಿಯನ್ನು ಕುಂದಿಸುವ ಪದ್ಧತಿಯೂ ಉಂಟು. ಆದರೆ ಒಮ್ಮೆ ಕೋಶವನ್ನು ಸೇರಿದ ಮಾತು ಮತ್ತೊಂದು ವಾಕ್ಯದಲ್ಲಿ ಹೊಲಿಯಲ್ಪಟ್ಟಾಗ ಮೊದಲಿನ ವಿಷವೇ ತಲೆಯೆತ್ತಬಹುದು.

ಸಿದ್ಧಾಂತವು ಅನ್ವಯಕ್ರಮದಲ್ಲಿದೆ. ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಎಂಬ ಸಿದ್ಧವಾಕ್ಯದ ಪದ್ಧತಿಯಲ್ಲಿ ಹೆಸರಿನ ಸ್ಥಾನದಲ್ಲಿ ಪ್ರಶ್ನಾರ್ಥಕ ಚಿಹ್ನೆಯನ್ನಿಟ್ಟು ವಾಕ್ಯವನ್ನು ಮೊದಲು ಕೋಶಕ್ಕೆ ಕಳುಹಿಸುತ್ತಾರೆ. ಕರ್ತೃ, ಕರ್ಮ, ಕ್ರಿಯೆಗಳೆಲ್ಲ ಅಲ್ಲಿಯೇ ನಿಶ್ಚಿತವಾಗುತ್ತವೆ. ಬಂದವನ ಮಾತು ಪ್ರತ್ಯೇಕವಾಗಿ ಬಂದು ತೆರವಾದ ಸ್ಥಾನವನ್ನು ತುಂಬುತ್ತದೆ. ಅದರಲ್ಲಿ ಎಷ್ಟು ಚಿಹ್ನೆಗಳಿದ್ದರೂ ಅನ್ವಯವು ಮುಗಿದಿರುವುದರಿಂದ ಅದು ಶಬ್ದವಾಗಿಯೇ ಉಳಿಯುತ್ತದೆ. ಆದರೆ ಈ ಸೌಕರ್ಯವು ಮೌಲ್ಯಗಳಿಗೆ ಮಾತ್ರ. ಪಟ್ಟಿಯ ಹೆಸರನ್ನೋ ಅಂಕಣದ ಹೆಸರನ್ನೋ ಹೊರಗಿನಿಂದ ಪಡೆಯಬೇಕಾದಲ್ಲಿ, ಮೊದಲೇ ಗೊತ್ತುಮಾಡಿದ ಹೆಸರುಗಳಲ್ಲಿ ಒಂದನ್ನು ಆರಿಸಿಕೊಳ್ಳಲು ಬಿಡಬೇಕು. ಓದುವುದಷ್ಟೇ ಕೆಲಸವಾದ ಪುಟಕ್ಕೆ ಅಳಿಸುವ ಅಧಿಕಾರವನ್ನು ಕೊಡದಿರುವುದೂ, ಕೋಶದ ಒಳಗಣ ದೋಷಸೂಚನೆಗಳನ್ನು ಬಂದವನಿಗೆ ತೋರಿಸದಿರುವುದೂ ಇದಕ್ಕೆ ಅಂಗಗಳು.