ಒಂದೇ ಸರ್ವರ್, ನಾಲ್ಕು ಗ್ರಾಫ್



ಅಂತರ್ಜಾಲದಲ್ಲಿ ನಾವು ತೆರೆಯುವ ಪ್ರತಿಯೊಂದು ಪುಟವೂ ಸರ್ವರ್ ಎಂಬ ಕಂಪ್ಯೂಟರ್‌ನಿಂದ ಬರುತ್ತದೆ. ಅದು ಹಗಲಿರುಳೂ ದುಡಿಯುತ್ತಿರಬೇಕು. ಅದರ ಮೇಲೆ ಎಷ್ಟು ಹೊರೆ ಬಿದ್ದಿದೆ ಎಂಬುದನ್ನು ಗ್ರಾಫ್ ನೋಡಿ ತಿಳಿಯುತ್ತಾರೆ. ಫ್ಲೋರಲ್ ಪಾರ್ಕ್‌ನ ನಮ್ಮ ಮಕ್ಕಳಲ್ಲಿ ಕೆಲವರ ತಂದೆ ತಾಯಿಯರ ಉದ್ಯೋಗವೇ ಇದು. ಆದರೆ ಗ್ರಾಫ್ ಹೇಳುವ ಮಾತು ನಾವು ಆರಿಸುವ ಕಾಲಾವಧಿಯನ್ನು ಅವಲಂಬಿಸಿದೆ.

ಟೋಬಿಯಾಸ್ ಓಟಿಕರ್ ಎಂಬುವರು 1995ರಲ್ಲಿ ಎಂಆರ್‌ಟಿಜಿ ಎಂಬ ತಂತ್ರಾಂಶವನ್ನು ಹೊರತಂದರು. ಅದು ನಾಲ್ಕು ಗ್ರಾಫ್ ಬರೆಯುತ್ತದೆ. ದಿನದ ಗ್ರಾಫ್‌ನಲ್ಲಿ ಒಂದೊಂದು ಚುಕ್ಕೆ 5 ನಿಮಿಷದ ಸರಾಸರಿ. ವಾರದ್ದರಲ್ಲಿ 30 ನಿಮಿಷದ್ದು. ತಿಂಗಳಿನದರಲ್ಲಿ 2 ಗಂಟೆಯದು. ವರ್ಷದ್ದರಲ್ಲಿ ಇಡೀ ದಿನದ್ದು.

ಇದರ ಪರಿಣಾಮವನ್ನು ಲೆಕ್ಕ ಹಾಕಿ ನೋಡೋಣ. ಒಂದು ಸರ್ವರ್‌ನ ಹೊರೆ ಸದಾ ಶೇಕಡಾ 10 ಇರುತ್ತದೆ ಎಂದುಕೊಳ್ಳಿ. ಪರೀಕ್ಷೆಯ ಫಲಿತಾಂಶ ಪ್ರಕಟವಾದಾಗ 5 ನಿಮಿಷ ಮಾತ್ರ ಅದು ಶೇಕಡಾ 100ಕ್ಕೆ ಏರಿತು. ದಿನದ ಗ್ರಾಫ್‌ನಲ್ಲಿ 100 ಎಂದೇ ಕಾಣುತ್ತದೆ. ವಾರದ ಗ್ರಾಫ್‌ನಲ್ಲಿ ಅದು 25. ತಿಂಗಳಿನದರಲ್ಲಿ 14ಕ್ಕಿಂತ ಕಡಿಮೆ. ವರ್ಷದ್ದರಲ್ಲಿ 10.3! ಅಂದು ಪುಟ ತೆರೆಯದೆ ಪರದಾಡಿದ ಮಕ್ಕಳ ಕಷ್ಟ ವರ್ಷದ ಗ್ರಾಫ್‌ನಲ್ಲಿ ಅಳಿಸಿಯೇ ಹೋಯಿತು.

ಆದ್ದರಿಂದ ತೊಂದರೆಯನ್ನು ಹುಡುಕುವವರು 'ಇಂದ', 'ವರೆಗೆ' ಎಂಬ ಎರಡು ಸಮಯಗಳನ್ನು ತಾವೇ ನಿಗದಿಪಡಿಸಿ, ಘಟನೆಯ ಹಿಂದಿನ ಒಂದು ಗಂಟೆ, ಮುಂದಿನ ಒಂದು ಗಂಟೆಯನ್ನು ನೋಡಬೇಕು. ಕಳೆದ ವಾರದ ಅದೇ ದಿನ, ಅದೇ ಹೊತ್ತಿನೊಡನೆ ಹೋಲಿಸಬೇಕು. ಸರಾಸರಿಯ ಜೊತೆಗೆ ಗರಿಷ್ಠ ಮಟ್ಟವನ್ನೂ ತೋರಿಸುವಂತೆ ಮಾಡಬೇಕು. ಹೊಸ ಸರ್ವರ್ ಕೊಳ್ಳಬೇಕೇ ಎಂಬ ಪ್ರಶ್ನೆಗೆ ಮಾತ್ರ ವರ್ಷದ ಗ್ರಾಫ್ ಬೇಕು, ಏಕೆಂದರೆ ಹೊರೆ ನಿಧಾನವಾಗಿ ಏರುತ್ತಿರುವುದು ಅಲ್ಲೇ ಕಾಣುವುದು. ಇನ್ನೊಂದು ಎಚ್ಚರಿಕೆ: ಇಂತಹ ತಂತ್ರಾಂಶಗಳು ಹಳೆಯ ಅಂಕಿಗಳನ್ನು ಸರಾಸರಿಯಾಗಿ ಕುಗ್ಗಿಸಿ ಇಡುತ್ತವೆ. ಹೋದ ವರ್ಷದ ಆ 5 ನಿಮಿಷವನ್ನು ಎಷ್ಟು ಹಿಗ್ಗಿಸಿದರೂ ಮರಳಿ ಪಡೆಯಲಾಗದು. ಬೇಕಾದ ಚಿತ್ರವನ್ನು ಅಂದೇ ತೆಗೆದಿಡಬೇಕು.

ಎರಡು ದೇಶಗಳ ನಡುವೆ ಬದುಕುವ ನಮಗೆ ಗಡಿಯಾರದ ತೊಡಕೂ ಇದೆ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸಾಪ್ ಸುಮಾರು ಆರು ಗಂಟೆ ಕಾಲ ನಿಂತುಹೋದವು. ಅದು ಶುರುವಾದಾಗ ನ್ಯೂಯಾರ್ಕ್‌ನಲ್ಲಿ ಬೆಳಗ್ಗೆ ಸುಮಾರು 11.40, ಬೆಂಗಳೂರಿನಲ್ಲಿ ರಾತ್ರಿ 9.10. ಇಲ್ಲಿಯ ಸಮಯದಲ್ಲಿ ಅಕ್ಟೋಬರ್ 4ರ ಗ್ರಾಫ್ ತೆರೆದರೆ ಇಡೀ ಘಟನೆ ಅದರಲ್ಲಿದೆ. ಭಾರತದ ಸಮಯದಲ್ಲಿ ಅದೇ ತಾರೀಖನ್ನು ತೆರೆದರೆ ಅರ್ಧದಲ್ಲೇ ನಿಲ್ಲುತ್ತದೆ. ಉಳಿದದ್ದು 5ನೇ ತಾರೀಖಿಗೆ ಸೇರಿದೆ. ಇಲ್ಲಿ ಗಡಿಯಾರ ಮುಂದಿಡುವ ಮಾರ್ಚ್ ತಿಂಗಳ ದಿನಕ್ಕೆ 23 ಗಂಟೆ, ಹಿಂದಿಡುವ ನವೆಂಬರ್ ದಿನಕ್ಕೆ 25 ಗಂಟೆ ಎಂಬುದನ್ನೂ ಮರೆಯಬಾರದು.

ಮಕ್ಕಳೇ, ಮಳೆಯ ಲೆಕ್ಕವಿರಲಿ, ನಿಮ್ಮ ಅಂಕಗಳ ಲೆಕ್ಕವಿರಲಿ, ಯಾವುದೇ ಗ್ರಾಫ್ ಕಂಡಾಗ ಮೂರು ಪ್ರಶ್ನೆ ಕೇಳಿ: ಎಲ್ಲಿಂದ ಎಲ್ಲಿಯವರೆಗೆ? ಒಂದು ಚುಕ್ಕೆಯಲ್ಲಿ ಎಷ್ಟು ಹೊತ್ತು ಅಡಗಿದೆ? ಯಾವ ಊರಿನ ಗಡಿಯಾರ? ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬ ನಮ್ಮ ಹಿರಿಯರ ಗಾದೆ ಸರ್ವರ್ ಗ್ರಾಫ್‌ಗೂ ಸಲ್ಲುತ್ತದೆ.