ಬೆಟ್ಟದ ಲೆಕ್ಕ ಬೆಟ್ಟದವರ ಕೈಯಲ್ಲಿ

ಬೆಳೆಗಾರರಾದ ನಾವು ಲೆಕ್ಕದಲ್ಲಿ ಹಿಂದೆ ಬಿದ್ದವರಲ್ಲ. ಎಷ್ಟು ಮೂಟೆ ಚೆರಿ ಒಣಗಿತು, ಎಷ್ಟು ಕ್ವಿಂಟಾಲ್ ಅಡಿಕೆ ಮಂಡಿಗೆ ಹೋಯಿತು ಎಂಬುದು ನಮ್ಮ ನಾಲಿಗೆಯ ತುದಿಯಲ್ಲೇ ಇರುತ್ತದೆ. ಆದರೆ ತೋಟದ ಮೇಲಿನ ಕಾಡಿನಲ್ಲಿ ಹತ್ತು ವರ್ಷಗಳ ಹಿಂದೆ ಎಷ್ಟು ಹೆಜ್ಜೇನು ಕಟ್ಟುತ್ತಿತ್ತು, ಈಗ ಎಷ್ಟು ಕಟ್ಟುತ್ತದೆ ಎಂದು ಯಾರಾದರೂ ಕೇಳಿದರೆ ನಾವು ತಲೆ ಕೆರೆದುಕೊಳ್ಳುತ್ತೇವೆ. ಈ ಲೆಕ್ಕವನ್ನು ಇಟ್ಟವರೂ ನಮ್ಮ ರಾಜ್ಯದಲ್ಲೇ ಇದ್ದಾರೆ. ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಈ ಕೆಲಸವನ್ನು ನಮ್ಮ ಸದಸ್ಯರು ತಿಳಿಯಬೇಕು.

ಸುಮಾರು 540 ಚದರ ಕಿಲೋಮೀಟರು ವಿಸ್ತಾರದ ಈ ಕಾಡಿನ ಒಳಗೂ ಅಂಚಿನಲ್ಲೂ ಸೋಲಿಗರ ಪೋಡುಗಳಿವೆ. 1974ರಲ್ಲಿ ಇಲ್ಲಿ ಅಭಯಾರಣ್ಯ ಘೋಷಣೆಯಾಯಿತು. ಬೇಟೆಯೂ, ಕಾಡು ಸವರಿ ಮಾಡುವ ಬೇಸಾಯವೂ ನಿಂತವು. ನೆಲ್ಲಿ, ಜೇನು, ಮರಪಾಚಿ ಮುಂತಾದ ಕಿರು ಉತ್ಪನ್ನಗಳನ್ನು ಲ್ಯಾಂಪ್ಸ್ ಎಂಬ ಆದಿವಾಸಿ ಸಹಕಾರ ಸಂಘಗಳ ಮೂಲಕ ಮಾರುವುದು ಅವರ ಮುಖ್ಯ ಜೀವನೋಪಾಯವಾಯಿತು. ಮರದ ನೆರಳಿನಲ್ಲಿ ತುಂಡು ಭೂಮಿಯಲ್ಲಿ ಕಾಫಿ ಬೆಳೆಯುವ ಸೋಲಿಗ ಕುಟುಂಬಗಳೂ ಅನೇಕ. ಆದ್ದರಿಂದ ಅವರು ನಮಗೆ ದೂರದವರೇನಲ್ಲ.

ನೆಲ್ಲಿ ಕೊಯ್ಲಿನಿಂದ ಕಾಡು ಬರಿದಾಗುತ್ತಿದೆಯೇ ಎಂಬ ಪ್ರಶ್ನೆ 1990ರ ದಶಕದಲ್ಲಿ ಎದ್ದಿತು. ಡಾ. ಎಚ್. ಸುದರ್ಶನ್ 1981ರಲ್ಲಿ ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವೂ, ಬೆಂಗಳೂರಿನ ಏಟ್ರೀ ಸಂಶೋಧನಾ ಸಂಸ್ಥೆಯೂ ಸೋಲಿಗರೊಡನೆ ಸೇರಿ ಇದಕ್ಕೆ ಉತ್ತರ ಹುಡುಕಿದವು. ಕ್ರಮ ಸರಳವಾದುದು. ಕೊಯ್ಲಿಗೆ ಮುಂಚೆ ಕಾಡಿನಲ್ಲಿ ನಡೆದು ಯಾವ ಮರದಲ್ಲಿ ಎಷ್ಟು ಫಲವಿದೆ ಎಂದು ಅಂದಾಜು ಮಾಡುವುದು. ಕೊಯ್ಯುವವರು ಒಟ್ಟಿಗೆ ಕುಳಿತು ಮಾತನಾಡುವುದು. ಕೊಯ್ಲಿನ ನಂತರ ಎಷ್ಟು ತೆಗೆದೆವು, ಎಷ್ಟು ಕೊಂಬೆ ಮುರಿಯಿತು, ಎಷ್ಟು ಎಳೆ ಸಸಿ ಎದ್ದಿದೆ ಎಂದು ನೋಡುವುದು.

ಇಲ್ಲಿ ಒಂದು ವಿಶೇಷ ಸಂಗತಿಯನ್ನು ಗಮನಿಸಬೇಕು. ನೆಲ್ಲಿಮರ ಸಾಯುವುದಕ್ಕೆ ಕೊಯ್ಲೇ ಕಾರಣ ಎಂದು ಹೊರಗಿನವರು ಶಂಕಿಸುತ್ತಿದ್ದಾಗ, ಸೋಲಿಗರು ಬೊಟ್ಟು ಮಾಡಿದ್ದು ಉಪ್ಪಿಲಿನ ಕಡೆಗೆ. ನಮ್ಮ ಕಡೆ ಬಂದಳಿಕೆ ಎನ್ನುವ ಪರೋಪಜೀವಿ ಗಿಡವೇ ಅದು. ಸಂಶೋಧಕರು ಅಳೆದು ನೋಡಿದಾಗ ಉಪ್ಪಿಲಿನ ಹಾವಳಿ ನಿಜಕ್ಕೂ ದೊಡ್ಡದೆಂದು ಕಂಡಿತು. ಹಿಂದೆ ಬೇಸಿಗೆಯ ಆರಂಭದಲ್ಲೇ ತಾವು ಹಾಕುತ್ತಿದ್ದ ಸಣ್ಣ ತರಗು ಬೆಂಕಿ ಅದನ್ನು ಹತೋಟಿಯಲ್ಲಿಡುತ್ತಿತ್ತು ಎಂಬುದು ಹಿರಿಯರ ವಾದ. ಲಂಟಾನ ಹಬ್ಬಿದ್ದಕ್ಕೂ ಅವರು ಇದೇ ಕಾರಣ ಕೊಡುತ್ತಾರೆ. 1997ರಲ್ಲಿ ಅಧ್ಯಯನದ ತಾಕುಗಳಲ್ಲಿ ಶೇಕಡಾ 41ರಷ್ಟರಲ್ಲಿದ್ದ ಲಂಟಾನ 2008ರಲ್ಲಿ ಶೇಕಡಾ 81ರಲ್ಲಿ ಕಂಡುಬಂತು. ಲಂಟಾನ ಪೊದೆಗಟ್ಟಿದ ಮೇಲೆ ಬೆಂಕಿ ಬಿದ್ದರೆ ಅದು ಸಣ್ಣ ಬೆಂಕಿಯಾಗಿ ಉಳಿಯದು ಎಂಬುದೂ ನಿಜ. ಹಾಗಾಗಿ ಈ ಚರ್ಚೆ ಇನ್ನೂ ಮುಗಿದಿಲ್ಲ.

ಇಷ್ಟು ಲೆಕ್ಕವಿಟ್ಟವರಿಗೇ ಬಾಗಿಲು ಮುಚ್ಚಿತು. ವನ್ಯಜೀವಿ ಕಾಯಿದೆಗೆ 2002ರಲ್ಲಿ ತಿದ್ದುಪಡಿಯಾದ ನಂತರ, ಮಾರಾಟಕ್ಕಾಗಿ ಕಿರು ಉತ್ಪನ್ನ ಸಂಗ್ರಹಿಸುವುದು ಅಭಯಾರಣ್ಯದಲ್ಲಿ ನಿಷೇಧವಾಯಿತು. ಕುಟುಂಬಗಳ ವರಮಾನ ಕುಸಿಯಿತು. ಕೊಯ್ಲು ನಿಂತಿದ್ದರಿಂದ ಕೊಯ್ಲಿನೊಡನೆ ನಡೆಯುತ್ತಿದ್ದ ಗಮನಿಕೆಗೂ ಪೆಟ್ಟು ಬಿತ್ತು. ಸೋಲಿಗರು ಸುಮ್ಮನೆ ಕೂರಲಿಲ್ಲ. ಆ ಸಮುದಾಯದವರೇ ಆದ ಡಾ. ಸಿ. ಮಾದೇಗೌಡರಂಥವರು ಸಂಶೋಧಕರಾಗಿ ತಮ್ಮ ಜನರ ಅರಿವನ್ನು ಬರಹಕ್ಕಿಳಿಸಿದರು. ದೇವರ ತಾಣ, ಹಳೆಯ ಪೋಡು, ಹಳ್ಳ ಎಲ್ಲವನ್ನೂ ಗುರುತಿಸಿ ನಕ್ಷೆ ಮಾಡಿದರು. 2011ರ ಜನವರಿಯಲ್ಲಿ ಬೆಟ್ಟ ಹುಲಿ ಮೀಸಲು ಪ್ರದೇಶವಾಯಿತು. ಅದೇ ವರ್ಷ ಅಕ್ಟೋಬರಿನಲ್ಲಿ, 2006ರ ಅರಣ್ಯ ಹಕ್ಕು ಕಾಯಿದೆಯಂತೆ, 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕು ದೊರೆಯಿತು. ಏಟ್ರೀ ಸಂಶೋಧಕರು 2022ರಲ್ಲಿ ಇದೇ ಬೆಟ್ಟದಲ್ಲಿ ಪತ್ತೆಯಾದ ಹೊಸ ಕಣಜವೊಂದರ ಕುಲಕ್ಕೆ ‘ಸೋಲಿಗ’ ಎಂದೇ ಹೆಸರಿಟ್ಟರು. ಅದರ ಬಳಗದ ಕಣಜಗಳು ಹುಳುಗಳನ್ನು ತಿಂದು ಬೆಳೆಯುವಂಥವು, ಬೆಳೆಗಾರನಿಗೆ ಮಿತ್ರರು.

ಇದರಲ್ಲಿ ನಮಗೇನು ಪಾಠ? ಉತ್ತರ ಕನ್ನಡ, ಶಿವಮೊಗ್ಗ ಜಿಲ್ಲೆಗಳ ಅಡಿಕೆ ಬೆಳೆಗಾರರು ಸೊಪ್ಪಿನ ಬೆಟ್ಟವನ್ನು ನಂಬಿದವರು. ಬೆಟ್ಟ ಬೋಳಾಗಿದೆ ಎಂಬ ಆರೋಪ ಅವರ ಮೇಲೂ ಬರುತ್ತದೆ. ಆಗ “ನಮ್ಮ ತಾತನ ಕಾಲದಿಂದ ಹೀಗೇ” ಎಂದರೆ ಸಾಲದು. ಬರೆದಿಟ್ಟ ಲೆಕ್ಕ ಬೇಕು. ಕಾಫಿ ಬೆಳೆಗಾರರಿಗೂ ಇದು ಅನ್ವಯಿಸುತ್ತದೆ. ರೊಬಸ್ಟಾ ಕಾಯಿ ಕಚ್ಚಲು ಗಿಡದಿಂದ ಗಿಡಕ್ಕೆ ಪರಾಗ ಹೋಗಬೇಕು. ಆ ಕೆಲಸದಲ್ಲಿ ಹೆಜ್ಜೇನು, ತುಡುವೆಗಳ ಪಾಲು ದೊಡ್ಡದು.

ಆದ್ದರಿಂದ ಸದಸ್ಯರಲ್ಲಿ ನಮ್ಮ ಸೂಚನೆ ಇಷ್ಟೆ. ಈ ವರ್ಷ ಒಂದು ನೋಟುಪುಸ್ತಕ ಬೇರೆ ಇಡಿ. ಬೆಟ್ಟದಲ್ಲೋ ತೋಟದಲ್ಲೋ ಹತ್ತು ಮರ ಗುರುತು ಮಾಡಿ. ಹೂ ಬಿಟ್ಟ ದಿನ, ಕಟ್ಟಿದ ಜೇನು, ಹಿಡಿದ ಬಂದಳಿಕೆ, ಬುಡದಲ್ಲಿ ಎದ್ದ ಸಸಿ ಇವುಗಳನ್ನು ತಪ್ಪದೆ ಬರೆಯಿರಿ. ಬರೆಯುವಾಗ ತೋಟದ ಹಿರಿಯ ಕೂಲಿಕಾರರನ್ನೂ, ಜೇನು ಕೀಳುವವರನ್ನೂ ಕೂರಿಸಿಕೊಂಡು ಅವರ ಮಾತನ್ನು ಅವರ ಹೆಸರಿನಲ್ಲೇ ದಾಖಲಿಸಿ. ಮರದ ಸುದ್ದಿ ಮರ ಹತ್ತಿದವರಿಗೇ ಹೆಚ್ಚು ಗೊತ್ತು.